ಲೈಂಗಿಕ ಸೋಂಕುಗಳು: ಲಕ್ಷಣ ತಿಳಿಯೋಣ, ನಾಚಿಕೆಯಿಂದ ತಡಮಾಡದಿರೋಣ

ಮಂಗಳೂರಿನಿಂದ ಕಾರ್ಕಳ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ ದಾಟಿ, ವಿಜಯಪುರದ ಸೊಲ್ಲಾಪುರ ರಸ್ತೆ ಹಿಡಿದು ಮಹಾರಾಷ್ಟ್ರ ಸೇರುವ ದಾರಿಗೆ ಬಹುಕಾಲ ಒಂದೇ ಹೆಸರಿತ್ತು: ರಾಷ್ಟ್ರೀಯ ಹೆದ್ದಾರಿ 13. ಈಗ ಸಂಖ್ಯೆಗಳು ಬದಲಾಗಿವೆ, ದಾರಿ ಬದಲಾಗಿಲ್ಲ. ಆ ಕಡೆಯ ಲಾರಿ ಚಾಲಕರೂ ಕಟ್ಟಡ ಕಾರ್ಮಿಕರೂ ಕರಾವಳಿಗೆ ಬರುತ್ತಾರೆ. ನಮ್ಮವರು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋಗುತ್ತಾರೆ. ಗಂಡ ಹೆಂಡತಿ ತಿಂಗಳುಗಟ್ಟಲೆ ದೂರವಿರುವ ಕುಟುಂಬಗಳು ಎಲ್ಲ ಧರ್ಮಕೇಂದ್ರಗಳಲ್ಲೂ ಇವೆ.

2000ರ ದಶಕದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಎಚ್‌ಐವಿ ಹೆಚ್ಚಾಗಿ ಕಂಡುಬಂದಿತ್ತು. ಆದರೆ ಲೈಂಗಿಕ ಸೋಂಕು ಯಾವುದೇ ಒಂದು ಊರಿನ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಗುಣಪಡಿಸಬಹುದಾದ ನಾಲ್ಕು ಸೋಂಕುಗಳೇ 2020ರಲ್ಲಿ ಲೋಕದಾದ್ಯಂತ 37.4 ಕೋಟಿ ಹೊಸ ಪ್ರಕರಣಗಳಿಗೆ ಕಾರಣವಾದವು: ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ, ಟ್ರೈಕೊಮೋನಿಯಾಸಿಸ್.

ಗಮನಿಸಬೇಕಾದ ಲಕ್ಷಣಗಳು

ಉರಿಮೂತ್ರ, ಕೀವು: ಗೊನೋರಿಯಾ ಮತ್ತು ಕ್ಲಮೀಡಿಯಾದಲ್ಲಿ ಪುರುಷರಿಗೆ ಮೂತ್ರ ಮಾಡುವಾಗ ಉರಿ, ಜನನಾಂಗದಿಂದ ಕೀವು ಅಥವಾ ತೆಳು ಸ್ರಾವ ಕಾಣಬಹುದು. ಹೆಚ್ಚಿನ ಸ್ತ್ರೀಯರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಸೋಂಕು ಗರ್ಭಕೋಶಕ್ಕೂ ಗರ್ಭನಾಳಕ್ಕೂ ಏರಿ ಕೆಳಹೊಟ್ಟೆ ನೋವು, ಬಂಜೆತನ ಉಂಟಾಗಬಹುದು.

ನೋವಿಲ್ಲದ ಹುಣ್ಣು: ಇದು ಸಿಫಿಲಿಸ್‌ನ ಮೊದಲ ಗುರುತು. ಹಳಬರು ಇದನ್ನು ಪರಂಗಿ ಹುಣ್ಣು ಎನ್ನುತ್ತಿದ್ದರು. ಸಾಮಾನ್ಯವಾಗಿ ಮೂರು ವಾರಗಳ ನಂತರ ಕಾಣಿಸಿಕೊಂಡು, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಹುಣ್ಣು ಮಾಯಿತು, ಕಾಯಿಲೆ ಮಾಯಲಿಲ್ಲ. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಲೆಗಳು ಏಳಬಹುದು. ವರ್ಷಗಳ ನಂತರ ಹೃದಯ, ಮಿದುಳಿಗೆ ಹಾನಿಯಾಗಬಹುದು. ಗರ್ಭಿಣಿಯಿಂದ ಮಗುವಿಗೂ ಹರಡುತ್ತದೆ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ.

ನೋಯುವ ಗುಳ್ಳೆಗಳು: ಗುಂಪಾಗಿ ಎದ್ದು ಒಡೆದು, ಮತ್ತೆ ಮತ್ತೆ ಮರುಕಳಿಸಿದರೆ ಹರ್ಪಿಸ್ ಇರಬಹುದು. ಔಷಧದಿಂದ ಬಾಧೆ ಕಡಿಮೆಯಾಗುತ್ತದೆ, ವೈರಸ್ ಪೂರ್ತಿ ಹೋಗುವುದಿಲ್ಲ.

ವಾಸನೆಯುಳ್ಳ ಸ್ರಾವ, ತುರಿಕೆ: ಹಳದಿ ಅಥವಾ ಹಸಿರು ಬಣ್ಣದ ನೊರೆನೊರೆ ಸ್ರಾವ ಟ್ರೈಕೊಮೋನಿಯಾಸಿಸ್‌ನ ಗುರುತಾಗಬಹುದು.

ನರುಲಿಗಳು: ಜನನಾಂಗದ ಸುತ್ತ ಏಳುವ ನರುಲಿಗಳಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ. ಇದೇ ವೈರಸ್ಸಿನ ಬೇರೆ ತಳಿಗಳು ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಇದನ್ನು ತಡೆಯಲು ಲಸಿಕೆ ಇದೆ.

ಎಚ್‌ಐವಿ, ಹೆಪಟೈಟಿಸ್ ಬಿ: ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಹುದು. ರಕ್ತಪರೀಕ್ಷೆಯೊಂದೇ ದಾರಿ.

ಸಂಶಯಪಡುವ ಮುನ್ನ

ಎಲ್ಲ ಬಿಳಿಸ್ರಾವವೂ ಲೈಂಗಿಕ ಕಾಯಿಲೆಯಲ್ಲ, ಶಿಲೀಂಧ್ರದಿಂದಲೂ ಬರಬಹುದು. ಉರಿಮೂತ್ರಕ್ಕೆ ಮೂತ್ರನಾಳದ ಸಾಮಾನ್ಯ ಸೋಂಕೂ ಕಾರಣವಾಗಬಹುದು. ಕೆಲವು ಸೋಂಕುಗಳು ಬಹುಕಾಲ ಸದ್ದಿಲ್ಲದೆ ದೇಹದಲ್ಲಿರುತ್ತವೆ. ಆದ್ದರಿಂದ ಇಂದು ಕಂಡ ಲಕ್ಷಣವನ್ನೇ ನಿನ್ನೆಯ ದ್ರೋಹಕ್ಕೆ ಸಾಕ್ಷಿ ಮಾಡಬಾರದು. ಹೀಗೆ ಒಡೆದ ಮನೆಗಳನ್ನು ಕೂಡಿಸುವುದು ಎಷ್ಟು ಕಷ್ಟವೆಂದು ಕುಟುಂಬ ಆಯೋಗದಲ್ಲಿ ಸೇವೆ ಮಾಡುವವರು ಬಲ್ಲರು.

ಎಲ್ಲಿಗೆ ಹೋಗಬೇಕು?

ಜಿಲ್ಲಾಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಲಕ್ಷಣಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಪೊಟ್ಟಣಗಳಲ್ಲಿ ಔಷಧ ಕೊಡುತ್ತಾರೆ. ಒಬ್ಬರ ಪೊಟ್ಟಣ ಇನ್ನೊಬ್ಬರಿಗೆ ಆಗದು. ವಿಜಯಪುರದವರಿಗೆ ಸೊಲ್ಲಾಪುರ ರಸ್ತೆಯಲ್ಲೇ ಬಿಎಲ್‌ಡಿಇ ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮಾಹಿತಿಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 2017ರ ಎಚ್‌ಐವಿ ಕಾಯಿದೆಯಂತೆ ರೋಗಿಯ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು.

ಔಷಧದಂಗಡಿಯಲ್ಲಿ ಹೆಸರು ಹೇಳಿ ಮಾತ್ರೆ ಕೊಳ್ಳುವುದು, ‘ಗುಪ್ತರೋಗ ತಜ್ಞ’ ಎಂಬ ಗೋಡೆಬರಹ ನಂಬಿ ಹೋಗುವುದು ಬೇಡ. ಪತಿ ಪತ್ನಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಬ್ಬರಿಗೇ ಚಿಕಿತ್ಸೆ ಕೊಟ್ಟರೆ ಸೋಂಕು ಮರಳಿ ಬರುತ್ತದೆ. ಚಿಕಿತ್ಸೆ ಮುಗಿದು ವೈದ್ಯರು ಹೇಳುವವರೆಗೆ ದೇಹಸಂಬಂಧ ಬೇಡ. ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲಿ.

ಸಭೆಯ ಸೇವಕರಿಗೆ

ವಿವಾಹದಲ್ಲಿ ನಿಷ್ಠೆ, ವಿವಾಹಕ್ಕೆ ಮುನ್ನ ಸಂಯಮ ಧರ್ಮಸಭೆಯ ಬೋಧನೆ. ಅದನ್ನು ವಿವಾಹ ಸಿದ್ಧತಾ ಶಿಬಿರಗಳಲ್ಲಿ ಹೇಳುತ್ತಲೇ ಇರೋಣ. ಆದರೆ ನೋವು ಹೇಳಿಕೊಳ್ಳಲು ಬಂದವರ ಮುಂದೆ ಮೊದಲು ಆಡಬೇಕಾದ ಮಾತು ಅದಲ್ಲ. ಯೇಸುಸ್ವಾಮಿ ಕುಷ್ಠರೋಗಿಯನ್ನು ಮೊದಲು ಮುಟ್ಟಿದರು. ರೋಗ ಹೇಗೆ ಬಂತೆಂದು ಕೇಳಲಿಲ್ಲ. ಗುರುಗಳೂ ಧರ್ಮಭಗಿನಿಯರೂ ಗುರಿಕಾರರೂ ಮೂರು ಕೆಲಸ ಮಾಡಬಹುದು: ಕೇಳಿದ್ದನ್ನು ಯಾರಿಗೂ ಹೇಳದಿರುವುದು, ಆಸ್ಪತ್ರೆಯ ದಾರಿ ತೋರಿಸುವುದು, ಒಂಟಿಯಾಗಿ ಹೋಗಲು ಅಂಜುವವರ ಜೊತೆಗೆ ಹೋಗುವುದು. ನಮ್ಮೂರಿನಲ್ಲಿ ದುಡಿಯುವ ವಿಜಯಪುರದ ಕಾರ್ಮಿಕನಿಗೂ ನಮ್ಮ ವಾಳೆಯ ಮಗನಿಗೂ ಈ ಸೇವೆ ಸಮಾನವಾಗಿ ಸಲ್ಲಬೇಕು.