ಆನ್‌ಲೈನ್ ಮಾರುಕಟ್ಟೆಗಳಲ್ಲಿ ದಾರಿತಪ್ಪಿಸುವ ಸರಕು ವಿವರಣೆ ಮತ್ತು ಗ್ರಾಹಕರ ಖಾಸಗಿತನ

ಅಂತರಜಾಲದ ಮಾರುಕಟ್ಟೆಗಳಲ್ಲಿ ಮಾರಾಟಗಾರರು ತಮ್ಮ ಸರಕಿನ ಬಗ್ಗೆ ಕೊಡುವ ಹೆಸರು, ಚಿತ್ರ, ಬೆಲೆ, ಗುಣ, ತಯಾರಾದ ಸ್ಥಳ ಮುಂತಾದ ವಿವರಗಳನ್ನು ಒಟ್ಟಾಗಿ ವ್ಯವಹಾರದಲ್ಲಿ ಲಿಸ್ಟಿಂಗ್ ಎನ್ನುತ್ತಾರೆ. ಈ ವಿವರ ಸುಳ್ಳಾಗಿದ್ದಾಗ ಅಥವಾ ಮಾತು ನಿಜವಾಗಿದ್ದರೂ ಮುಖ್ಯವಾದುದನ್ನು ಮರೆಮಾಚಿ ಕೊಳ್ಳುವವರಲ್ಲಿ ತಪ್ಪು ಕಲ್ಪನೆ ಹುಟ್ಟಿಸಿದಾಗ ಅದು ದಾರಿತಪ್ಪಿಸುವ ವಿವರಣೆ ಎನಿಸುತ್ತದೆ. ಇದೇ ವ್ಯವಹಾರದಲ್ಲಿ ಗ್ರಾಹಕರು ಒಪ್ಪಿಸುವ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಪಾವತಿಯ ವಿವರ, ಹಿಂದಿನ ಖರೀದಿಗಳ ದಾಖಲೆ ಇವು ಯಾರ ಕೈ ಸೇರುತ್ತವೆ, ಯಾವುದಕ್ಕೆ ಬಳಕೆಯಾಗುತ್ತವೆ ಎಂಬುದು ಖಾಸಗಿತನದ ಪ್ರಶ್ನೆ. ಸಾಮಾನ್ಯವಾಗಿ ಬೇರೆಬೇರೆಯಾಗಿ ಚರ್ಚೆಗೊಳಗಾಗುವ ಈ ಎರಡೂ ಸಮಸ್ಯೆಗಳ ಮೂಲ ಒಂದೇ: ಕೊಳ್ಳುವವರಿಗೆ ಸರಕಾಗಲಿ ಮಾರುವವರಾಗಲಿ ಕಾಣುವುದಿಲ್ಲ, ಆದರೆ ಕೊಳ್ಳುವವರ ವಿವರ ಹಲವರಿಗೆ ಕಾಣುತ್ತದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎರಡನ್ನೂ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಒಂದೇ ವ್ಯಾಖ್ಯೆಯೊಳಗೆ ತಂದಿದೆ. ಪ್ರಸ್ತುತ ಲೇಖನ ಭಾರತದ ಸ್ಥಿತಿಗೆ ಸೀಮಿತವಾದುದು.

ಮಾರುಕಟ್ಟೆಯ ಸ್ವರೂಪ

ಭಾರತದ ಇ-ವಾಣಿಜ್ಯದಲ್ಲಿ ಎರಡು ಮಾದರಿಗಳಿವೆ. ಸಂಸ್ಥೆಯೇ ಸರಕನ್ನು ಕೊಂಡು, ದಾಸ್ತಾನು ಮಾಡಿ ಮಾರುವುದು ದಾಸ್ತಾನು ಮಾದರಿ. ಅನ್ಯ ಮಾರಾಟಗಾರರಿಗೂ ಕೊಳ್ಳುವವರಿಗೂ ನಡುವೆ ವೇದಿಕೆಯಾಗಿ ಮಾತ್ರ ನಿಲ್ಲುವುದು ಮಾರುಕಟ್ಟೆ ಮಾದರಿ. ವಿದೇಶಿ ನೇರ ಹೂಡಿಕೆ ಪಡೆದ ಸಂಸ್ಥೆಗಳಿಗೆ ಎರಡನೆಯದಕ್ಕಷ್ಟೇ ಅವಕಾಶವೆಂದು ಕೇಂದ್ರ ಸರ್ಕಾರ 2016ರಲ್ಲಿ ಸ್ಪಷ್ಟಪಡಿಸಿ, 2018ರ ಡಿಸೆಂಬರಿನಲ್ಲಿ ಆ ನಿರ್ಬಂಧವನ್ನು ಇನ್ನಷ್ಟು ಬಿಗಿಗೊಳಿಸಿತು. ಸಣ್ಣ ವರ್ತಕರ ಹಿತಕ್ಕೆಂದು ರೂಪುಗೊಂಡ ಈ ಹೂಡಿಕೆ ನೀತಿಗೆ ಗ್ರಾಹಕರ ಮಟ್ಟಿಗೆ ಬೇರೊಂದು ಫಲವೂ ಉಂಟಾಯಿತು. ಸರಕನ್ನು ತೋರಿಸುವುದು, ಹಣ ಪಡೆಯುವುದು, ಎಷ್ಟೋ ವೇಳೆ ಗೋದಾಮಿನಲ್ಲಿಟ್ಟು ತಲುಪಿಸುವುದು ಎಲ್ಲವನ್ನೂ ವೇದಿಕೆಯೇ ಮಾಡಿದರೂ, ಕಾನೂನಿನ ಕಣ್ಣಿಗೆ ಮಾರಿದವರು ಬೇರೆಯವರಾಗಿಯೇ ಉಳಿದರು.

ದಾರಿತಪ್ಪಿಸುವ ಬಗೆಗಳು

ನೇರ ಸುಳ್ಳು, ಅಂದರೆ ನಕಲಿ ಸರಕನ್ನು ಅಸಲಿಯೆಂದು ಮಾರುವುದು, ಎಲ್ಲರಿಗೂ ಪರಿಚಿತವಾದ ಬಗೆ. ಆದರೆ ಹೆಚ್ಚು ತೊಡಕಿನವು ಸೂಕ್ಷ್ಮ ಬಗೆಗಳು. ಹೆಸರೇ ದಾರಿತಪ್ಪಿಸಬಹುದು: ಅಯೋಧ್ಯೆಯ ರಾಮಮಂದಿರದ ಪ್ರಸಾದವೆಂಬ ಹೆಸರಿನಲ್ಲಿ ಸಿಹಿತಿಂಡಿಗಳನ್ನು ಮಾರಾಟಕ್ಕಿಟ್ಟಿದ್ದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಜನವರಿಯಲ್ಲಿ ಅಮೆಜಾನ್‌ಗೆ ನೋಟಿಸು ನೀಡಿತು. ಸರಕನ್ನು ಇಟ್ಟ ವರ್ಗ ದಾರಿತಪ್ಪಿಸಬಹುದು: ಮಾಲ್ಟ್ ಪಾನೀಯಗಳನ್ನು ‘ಆರೋಗ್ಯ ಪಾನೀಯ’ ಎಂಬ ವಿಭಾಗದಲ್ಲಿ ತೋರಿಸಬಾರದೆಂದು ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ವೇದಿಕೆಗಳಿಗೆ ಸೂಚಿಸಿತು, ಅಂಥ ಒಂದು ವರ್ಗವೇ ಆಹಾರ ಸುರಕ್ಷತೆಯ ಕಾನೂನಿನಲ್ಲಿ ಇಲ್ಲವೆಂಬುದು ಅದಕ್ಕೆ ಆಧಾರ. ಎಂದೂ ಚಾಲ್ತಿಯಲ್ಲಿರದ ದುಬಾರಿ ಬೆಲೆಯೊಂದನ್ನು ಅಡ್ಡಗೆರೆ ಎಳೆದು ತೋರಿಸಿ ರಿಯಾಯಿತಿಯನ್ನು ಹಿಗ್ಗಿಸುವುದು, ಹಣ ಪಡೆದು ಬರೆಸಿದ ಅಭಿಪ್ರಾಯಗಳಿಂದ ರೇಟಿಂಗ್ ಏರಿಸುವುದು, ಒಂದು ಸರಕಿಗೆ ಬಂದ ಒಳ್ಳೆಯ ರಿವ್ಯೂಗಳನ್ನು ಉಳಿಸಿಕೊಂಡು ಅದೇ ಪುಟದಲ್ಲಿ ಬೇರೊಂದು ಸರಕನ್ನು ಕೂರಿಸುವುದು ಇತರ ಬಗೆಗಳು. ನಿಜವಾದ ಹೆಸರಿನಲ್ಲೇ ಮಾರಾಟವಾಗುವ, ಆದರೆ ಮಾರಲೇಬಾರದ ಸರಕುಗಳು ಈ ಗುಂಪಿಗೆ ಸೇರುತ್ತವೆಯೇ ಎಂಬುದು ವಿವಾದಾಸ್ಪದ. ಕಾರಿನ ಸೀಟ್‌ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸುವ ಕ್ಲಿಪ್ಪುಗಳ ವಿಷಯದಲ್ಲಿ ಪ್ರಾಧಿಕಾರ 2023ರಲ್ಲಿ ಐದು ಸಂಸ್ಥೆಗಳ ವಿರುದ್ಧ ಆದೇಶ ಹೊರಡಿಸಿದಾಗ 13,118 ಲಿಸ್ಟಿಂಗ್‌ಗಳನ್ನು ತೆಗೆದುಹಾಕಲಾಯಿತು.

ರೇಷ್ಮೆ ಸೀರೆಯ ಉದಾಹರಣೆ

ಪರದೆಯ ಮೇಲಿನ ವಿವರಣೆಯ ಮಿತಿ ಎದ್ದು ಕಾಣುವುದು ಜವಳಿಯಲ್ಲಿ. ಮೈಸೂರು ರೇಷ್ಮೆ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದ್ದು, ಅದರ ಹಕ್ಕು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಆದರೂ ‘ಮೈಸೂರು ಸಿಲ್ಕ್ ಕ್ರೇಪ್’, ‘ಮೈಸೂರು ಸಿಲ್ಕ್ ಮಾದರಿ’ ಮುಂತಾದ ಹೆಸರುಗಳು ಪಾಲಿಯೆಸ್ಟರ್ ಸೀರೆಗಳ ತಲೆಬರಹದಲ್ಲಿ ಕಾಣಿಸಿಕೊಳ್ಳುತ್ತವೆ. ‘ಆರ್ಟ್ ಸಿಲ್ಕ್’ ಎಂದರೆ ಕೃತಕ ನೂಲು ಎಂಬುದು ವ್ಯಾಪಾರಿಗಳಿಗೆ ಗೊತ್ತಿದ್ದರೂ ಕೊಳ್ಳುವವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಅಂಗಡಿಯಲ್ಲಾದರೆ ಸೀರೆಯನ್ನು ಮುಟ್ಟಿ, ಮಡಿಕೆ ಬಿಚ್ಚಿ, ಸಂದೇಹವಿದ್ದರೆ ಸೆರಗಂಚಿನ ಎಳೆಯೊಂದನ್ನು ಸುಟ್ಟೂ ನೋಡಬಹುದು: ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆ ಜೋಡಣೆಯನ್ನು ಸೀರೆಯನ್ನು ಕೈಯಲ್ಲಿ ಹಿಡಿದು ತಿಳಿಯಬೇಕೇ ಹೊರತು ಪರದೆಯ ಚಿತ್ರದಲ್ಲಿ ಅದಕ್ಕೂ ವಿದ್ಯುತ್ ಮಗ್ಗದ ಅನುಕರಣೆಗೂ ವ್ಯತ್ಯಾಸ ಕಾಣುವುದು ಕಷ್ಟ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಶುದ್ಧ ರೇಷ್ಮೆಗೆ ಪ್ರಮಾಣವಾದರೂ, ಅದು ಐಚ್ಛಿಕವಾದುದು. ಅದರ ಪಟ್ಟಿ ಇರುವುದು ಸೀರೆಯ ಮೇಲೆ, ಕೊಳ್ಳುವ ಗಳಿಗೆಯಲ್ಲಿ ಗ್ರಾಹಕರ ಮುಂದಿರುವುದು ಚಿತ್ರ.

ಕಾನೂನಿನ ಬೆಳವಣಿಗೆ

ತತ್ತ್ವದ ಮಟ್ಟದಲ್ಲಿ ನೋಡಿದರೆ ಈ ಸಮಸ್ಯೆಗೆ ಉತ್ತರ ಹಳೆಯದು. 1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕೆಂಬುದು ಮಾತಿನಲ್ಲಿ ಹೇಳದಿದ್ದರೂ ಒಪ್ಪಂದದಲ್ಲಿ ಅಡಗಿರುವ ಷರತ್ತು. ಕೊಳ್ಳುವವರೇ ಎಚ್ಚರವಹಿಸಬೇಕೆಂಬ ಸಾಮಾನ್ಯ ನಿಯಮ ಅದರ ಮುಂದಿನ ಕಲಮಿನಲ್ಲಿದ್ದರೂ, ಸರಕನ್ನು ನೋಡದೆಯೇ ಕೊಳ್ಳುವ ಆನ್‌ಲೈನ್ ಖರೀದಿ ವಿವರಣೆಯ ಮೇಲಿನ ಮಾರಾಟಕ್ಕೆ ಅಪ್ಪಟ ನಿದರ್ಶನವಾದುದರಿಂದ, ಅಂಥ ಎಚ್ಚರವನ್ನು ಗ್ರಾಹಕರಿಂದ ನಿರೀಕ್ಷಿಸುವುದು ಕಾನೂನಿನ ದೃಷ್ಟಿಯಿಂದಲೂ ದುರ್ಬಲ ವಾದ. ಕೊರತೆಯಿದ್ದುದು ಹಕ್ಕಿನಲ್ಲಲ್ಲ, ಅದನ್ನು ಕೆಲವು ನೂರು ರೂಪಾಯಿಗಳ ಖರೀದಿಗಾಗಿ ಚಲಾಯಿಸುವ ದಾರಿಯಲ್ಲಿ.

ಆ ದಾರಿ ಹಂತಹಂತವಾಗಿ ಬೆಳೆಯಿತು. 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿ ಅನುಚಿತ ವ್ಯಾಪಾರ ಪದ್ಧತಿಯ ಕಲ್ಪನೆಯನ್ನು ಭಾರತದ ಶಾಸನಕ್ಕೆ ತಂದಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಎರವಲು ಪಡೆದು ಜಿಲ್ಲಾ ಮಟ್ಟದ ವೇದಿಕೆಗಳಿಗೆ ಒಪ್ಪಿಸಿತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ ಅದನ್ನು ವಿಸ್ತರಿಸಿತು. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು, ಬಿಲ್ಲು ಕೊಡದಿರುವುದು, ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯದಿರುವುದು ಇವುಗಳ ಸಾಲಿನಲ್ಲೇ, ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಅನುಮತಿಯಿಲ್ಲದೆ ಇತರರಿಗೆ ಬಿಟ್ಟುಕೊಡುವುದೂ ಈಗ ಸೇರಿದೆ. ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಅದೇ ತಿಂಗಳು ಜಾರಿಗೆ ಬಂದ 2020ರ ಇ-ವಾಣಿಜ್ಯ ನಿಯಮಗಳು ಮಾರಾಟಗಾರರ ಹೆಸರು, ವಿಳಾಸ ಮುಂತಾದ ವಿವರಗಳನ್ನು ವೇದಿಕೆ ತೋರಿಸಬೇಕು, ಸರಕುಗಳನ್ನು ಮೇಲೆ ಕೆಳಗೆ ಜೋಡಿಸುವ ಮಾನದಂಡಗಳನ್ನು ಸರಳ ಭಾಷೆಯಲ್ಲಿ ವಿವರಿಸಬೇಕು, ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು ಎನ್ನುತ್ತವೆ. ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ರಿವ್ಯೂ ಬರೆಯುವುದು ನಿಷಿದ್ಧ. ಪೊಟ್ಟಣದ ಮೇಲೆ ಮುದ್ರಿಸಬೇಕಾದ ವಿವರಗಳಲ್ಲಿ ಹೆಚ್ಚಿನವನ್ನು ಪರದೆಯಲ್ಲೂ ತೋರಿಸಬೇಕೆಂಬ ಕಾನೂನು ಮಾಪನ ನಿಯಮ ಇದಕ್ಕೂ ಮೊದಲೇ, 2018ರ ಜನವರಿಯಿಂದ, ಜಾರಿಯಲ್ಲಿತ್ತು. ಆನ್‌ಲೈನ್ ರಿವ್ಯೂಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ರೂಪಿಸಿದ ಐಎಸ್ 19000 ಮಾನಕ ಸ್ವಯಂಪ್ರೇರಿತ ಪಾಲನೆಗೆ ಬಿಟ್ಟದ್ದಾದುದರಿಂದ ಅದರ ಪರಿಣಾಮ ಸೀಮಿತವೆನ್ನಬೇಕು. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ 13 ‘ಡಾರ್ಕ್ ಪ್ಯಾಟರ್ನ್’ಗಳನ್ನು, ಎಂದರೆ ಗ್ರಾಹಕರು ತಮ್ಮ ಇಚ್ಛೆಗೆ ವಿರುದ್ಧವಾದ ಆಯ್ಕೆ ಮಾಡುವಂತೆ ಪುಟವನ್ನು ವಿನ್ಯಾಸಗೊಳಿಸುವ ತಂತ್ರಗಳನ್ನು, ಪಟ್ಟಿಮಾಡಿ ನಿಷೇಧಿಸಿತು. ‘ಇನ್ನು ಎರಡೇ ಉಳಿದಿವೆ’ ಎಂಬ ಹುಸಿ ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಷ್ಟೇ ಪೂರ್ತಿ ಬೆಲೆ ತೋರಿಸುವುದು, ಸಂಬಂಧವಿಲ್ಲದ ವೈಯಕ್ತಿಕ ವಿವರ ಕೊಡದೆ ಮುಂದೆ ಹೋಗಲು ಬಿಡದಿರುವುದು ಇವೆಲ್ಲ ಆ ಪಟ್ಟಿಯ ವ್ಯಾಪ್ತಿಗೆ ಬರುತ್ತವೆ.

ವೇದಿಕೆಯ ಹೊಣೆ

ವಿವರಣೆ ಬರೆದ ಮಾರಾಟಗಾರರ ಹೊಣೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಅದನ್ನು ತೋರಿಸಿದ ವೇದಿಕೆಯ ಹೊಣೆ ಎಷ್ಟೆಂಬುದೇ ಈ ಕ್ಷೇತ್ರದ ಬಗೆಹರಿಯದ ಪ್ರಶ್ನೆ. ಇದರ ಆರಂಭ 2004ರ ಬಾಝಿ ಡಾಟ್ ಕಾಮ್ ಪ್ರಕರಣದಲ್ಲಿದೆ. ಆ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ದೃಶ್ಯದ ತುಣುಕನ್ನು ಮಾರಾಟಕ್ಕಿಟ್ಟಾಗ ಸಂಸ್ಥೆಯ ಮುಖ್ಯಸ್ಥನನ್ನೇ ಬಂಧಿಸಲಾಯಿತು. ಬೇರೆಯವರು ಬರೆದುದಕ್ಕೆ ವೇದಿಕೆ ನಡೆಸುವವರು ಜೈಲಿಗೆ ಹೋಗಬೇಕೇ ಎಂಬ ಚರ್ಚೆ ಇದರಿಂದ ತೀವ್ರವಾಗಿ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮನ್ನು 2008ರಲ್ಲಿ ಹೊಸದಾಗಿ ಬರೆಯಲಾಯಿತು. ತಕ್ಕ ಎಚ್ಚರ ವಹಿಸುವ ಮಧ್ಯವರ್ತಿಗೆ ಇತರರ ಮಾಹಿತಿಯ ಹೊಣೆಯಿಂದ ವಿನಾಯಿತಿ ದೊರೆಯಿತು.

ಮಾರುಕಟ್ಟೆಗಳು ಇದೇ ವಿನಾಯಿತಿಯ ಆಸರೆ ಪಡೆದವು. ಪಾದರಕ್ಷೆ ತಯಾರಕ ಕ್ರಿಶ್ಚಿಯನ್ ಲೂಬುಟಾನ್ ಸಂಸ್ಥೆಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2018ರಲ್ಲಿ, ಸರಕನ್ನು ಗೋದಾಮಿನಲ್ಲಿಡುವುದು, ಪೊಟ್ಟಣ ಕಟ್ಟುವುದು, ಪ್ರಚಾರ ಮಾಡುವುದು ಮುಂತಾದ ಕೆಲಸಗಳಲ್ಲಿ ಸಕ್ರಿಯವಾಗಿ ಭಾಗವಹಿಸುವ ವೇದಿಕೆ ಈ ರಕ್ಷಣೆಯನ್ನು ಕಳೆದುಕೊಳ್ಳಬಹುದೆಂದಿತು. ಆದರೆ 2020ರ ಜನವರಿಯಲ್ಲಿ ಆಮ್ವೇ ಪ್ರಕರಣದಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠ, ಸಕ್ರಿಯ ಮತ್ತು ನಿಷ್ಕ್ರಿಯ ಮಧ್ಯವರ್ತಿ ಎಂಬ ಭೇದವನ್ನು 79ನೆಯ ಕಲಮು ಮಾಡುವುದಿಲ್ಲವೆಂದು ಅಭಿಪ್ರಾಯಪಟ್ಟಿತು. ಕರ್ನಾಟಕ ಹೈಕೋರ್ಟು 2021ರ ಜನವರಿಯಲ್ಲಿ, ಸ್ನ್ಯಾಪ್‌ಡೀಲ್ ತಾಣದಲ್ಲಿ ಮಾರಾಟಗಾರನೊಬ್ಬ ಔಷಧಿ ಮಾರಿದ್ದಕ್ಕೆ ಮೈಸೂರಿನಲ್ಲಿ ಹೂಡಿದ್ದ ಮೊಕದ್ದಮೆಯನ್ನು ಸಂಸ್ಥೆ ಮತ್ತು ಅದರ ನಿರ್ದೇಶಕರ ಮಟ್ಟಿಗೆ ರದ್ದುಗೊಳಿಸಿ, ಮಧ್ಯವರ್ತಿಯು ಮಾರಾಟಗಾರನ ಕೃತ್ಯಕ್ಕೆ ಹೊಣೆಯಲ್ಲವೆಂದಿತು.

ಗ್ರಾಹಕ ಕಾನೂನು ಇದಕ್ಕೆ ಎದುರು ದಿಕ್ಕಿನಲ್ಲಿ ಸಾಗಿದೆ. ಕಡ್ಡಾಯ ಗುಣಮಟ್ಟದ ಗುರುತಿಲ್ಲದ ಪ್ರೆಷರ್ ಕುಕ್ಕರುಗಳನ್ನು ಮಾರಲು ಬಿಟ್ಟುದಕ್ಕಾಗಿ ಪ್ರಾಧಿಕಾರ 2022ರ ಆಗಸ್ಟಿನಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ರಮವಾಗಿ 2,265 ಮತ್ತು 598 ಕುಕ್ಕರುಗಳನ್ನು ವಾಪಸು ಪಡೆದು ಗ್ರಾಹಕರಿಗೆ ಹಣ ಮರಳಿಸುವಂತೆ ಆದೇಶಿಸಿತು. ಪ್ರತಿ ಮಾರಾಟದಿಂದಲೂ ಶುಲ್ಕ ಗಳಿಸುವ ವೇದಿಕೆ ಕೈ ತೊಳೆದುಕೊಳ್ಳಲಾಗದೆಂಬುದು ಅದರ ನಿಲುವು. ಎರಡೂ ಸಂಸ್ಥೆಗಳು ಆದೇಶವನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಮಾರಾಟಗಾರರು ಸರಕು ತಲುಪಿಸದೆ ಗ್ರಾಹಕರಿಗೆ ನಷ್ಟವಾದರೆ ವೇದಿಕೆಯೇ ಹೊಣೆ ಹೊರಬೇಕೆಂಬ 2021ರ ಜೂನ್ ತಿಂಗಳ ತಿದ್ದುಪಡಿ ಪ್ರಸ್ತಾಪ ಕರಡಾಗಿಯೇ ಉಳಿಯಿತು.

ಖಾಸಗಿತನ

ಒಂದು ಸಾಮಾನ್ಯ ಖರೀದಿಯಲ್ಲಿ ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆ ವೇದಿಕೆ, ಮಾರಾಟಗಾರ, ಸಾಗಣೆ ಸಂಸ್ಥೆ, ಮನೆಬಾಗಿಲಿಗೆ ಬರುವ ಡೆಲಿವರಿ ಸಿಬ್ಬಂದಿ ಇಷ್ಟು ಕೈಗಳನ್ನು ದಾಟುತ್ತವೆ. ಪಾರ್ಸೆಲ್ಲಿನ ಮೇಲಂಟಿಸಿದ ಚೀಟಿ ಕಸದ ಬುಟ್ಟಿ ಸೇರಿದ ಮೇಲೂ ಓದಬರುವಂತಿರುತ್ತದೆ. ಕೆಲವು ಸಂಸ್ಥೆಗಳು ನಿಜವಾದ ಸಂಖ್ಯೆಯ ಬದಲು ಮಧ್ಯಂತರ ಸಂಖ್ಯೆಯ ಮೂಲಕ ಕರೆ ಜೋಡಿಸುತ್ತವೆ. ದೊಡ್ಡ ಪ್ರಮಾಣದ ಸೋರಿಕೆಗೆ ಉದಾಹರಣೆಯಾಗಿ, ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ದತ್ತಾಂಶ ಮಾರಾಟಕ್ಕಿದೆಯೆಂದು 2020ರ ನವೆಂಬರಿನಲ್ಲಿ ಸೈಬರ್ ಭದ್ರತಾ ಸಂಸ್ಥೆಯೊಂದು ವರದಿಮಾಡಿದ್ದನ್ನು ಹೆಸರಿಸಬಹುದು; ಸಂಸ್ಥೆ ನಗರದ ಸೈಬರ್ ಅಪರಾಧ ವಿಭಾಗಕ್ಕೆ ದೂರಿತ್ತಿತ್ತು. ಪಾವತಿಯ ವಿವರ ಮಾತ್ರ ಹೋಲಿಕೆಯಲ್ಲಿ ಸುರಕ್ಷಿತವಾಗಿದೆ: 2022ರ ಅಕ್ಟೋಬರಿನಿಂದ ವರ್ತಕ ತಾಣಗಳು ಕಾರ್ಡಿನ ಸಂಖ್ಯೆಯನ್ನು ಉಳಿಸಿಕೊಳ್ಳದೆ ಅದರ ಬದಲಿಗೆ ಸಂಕೇತವೊಂದನ್ನು ಬಳಸುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ ಜಾರಿಗೆ ತಂದಿದೆ.

ಸೋರಿದ ಮಾಹಿತಿಯೂ ಸುಳ್ಳು ವಿವರಣೆಯೂ ಒಂದನ್ನೊಂದು ಪೋಷಿಸುತ್ತವೆ. ‘ಬ್ರಶಿಂಗ್’ ಎಂಬ ತಂತ್ರದಲ್ಲಿ ಮಾರಾಟಗಾರನು ಎಲ್ಲಿಂದಲೋ ಪಡೆದ ನಿಜವಾದ ವ್ಯಕ್ತಿಯ ವಿಳಾಸಕ್ಕೆ ಅಗ್ಗದ ವಸ್ತುವನ್ನು ಕಳಿಸಿ, ಆ ಖರೀದಿಯ ಹೆಸರಿನಲ್ಲಿ ತಾನೇ ಹೊಗಳಿಕೆಯ ರಿವ್ಯೂ ಬರೆದುಕೊಳ್ಳುತ್ತಾನೆ. 2020ರಲ್ಲಿ ಅಮೆರಿಕದ ಮನೆಗಳಿಗೆ ಕೇಳದೆಯೇ ಬಂದ ಬೀಜದ ಪೊಟ್ಟಣಗಳನ್ನು ಅಲ್ಲಿನ ಕೃಷಿ ಇಲಾಖೆ ಇಂಥದ್ದೇ ತಂತ್ರವೆಂದು ಶಂಕಿಸಿತ್ತು. ಹಳೆಯ ಸಾಮಾನುಗಳ ತಾಣಗಳಲ್ಲಿ ಇದೇ ವಂಚನೆ ತಿರುವುಮುರುವಾಗಿ ನಡೆಯುತ್ತದೆ: ಮಾರುವವರ ಸಂಖ್ಯೆ ಪಡೆದು, ತಾನು ಸೇನೆಯವನೆಂದು ನಂಬಿಸಿ, ಹಣ ಕಳಿಸುವ ನೆವದಲ್ಲಿ ಕ್ಯೂಆರ್ ಕೋಡ್ ರವಾನಿಸುವ ಹುಸಿ ಗಿರಾಕಿ, ಯುಪಿಐ ಪಿನ್ ಒತ್ತಿಸಿ ಅವರ ಖಾತೆಯಿಂದಲೇ ಹಣ ಸೆಳೆಯುತ್ತಾನೆ. ಹಣ ಪಡೆಯಲು ಪಿನ್ ಬೇಕಿಲ್ಲ, ಅದು ಕೊಡಲು ಮಾತ್ರ.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಅದರ ಮುಂದುವರಿಕೆಯಾದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಬಾಧ್ಯತೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ದೊರೆಯಿತು. ದತ್ತಾಂಶದ ಭದ್ರತೆಯಲ್ಲಿ ಲೋಪವೆಸಗಿದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಪರಿಹಾರ ಮಾರ್ಗಗಳು

ಗ್ರಾಹಕರು ಮೊದಲು ವೇದಿಕೆಯ ದೂರು ಅಧಿಕಾರಿಗೆ, ನಂತರ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಯವು, 5 ಲಕ್ಷದವರೆಗೆ ಶುಲ್ಕವಿಲ್ಲ. ಮಾರಿದವರು ಯಾವ ರಾಜ್ಯದವರಾದರೂ ಗ್ರಾಹಕರು ತಾವು ವಾಸಿಸುವ ಊರಿನಲ್ಲೇ ದೂರು ಸಲ್ಲಿಸಬಹುದೆಂಬುದು 2019ರ ಕಾಯ್ದೆಯ ಅತ್ಯಂತ ಉಪಯುಕ್ತ ಬದಲಾವಣೆ ಎನ್ನಬಹುದು.

ಮಾಹಿತಿ ಸೋರಿಕೆಯ ವಿಷಯದಲ್ಲಿ ಮಾತ್ರ ಒಂದು ಕಂದರ ಉಳಿದಿದೆ. ದತ್ತಾಂಶ ಕಾಯ್ದೆಯ ದಂಡದ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ನಷ್ಟ ಹೊಂದಿದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43-ಎ ಕಲಮನ್ನು ಅದೇ ಶಾಸನ ಕೈಬಿಡುತ್ತದೆ. ಹಾಗಾಗಿ, ನಂಬಿ ಕೊಟ್ಟ ಮಾಹಿತಿಯನ್ನು ಬಿಟ್ಟುಕೊಡುವುದು ಅನುಚಿತ ವ್ಯಾಪಾರವೆನ್ನುವ ಗ್ರಾಹಕ ಕಾಯ್ದೆಯ ಚಿಕ್ಕ ಉಪಕಲಮೇ ವ್ಯಕ್ತಿಗತ ಪರಿಹಾರಕ್ಕೆ ಉಳಿಯುವ ಮುಖ್ಯ ಆಧಾರವೆಂದು ವಾದಿಸಲು ಅವಕಾಶವಿದೆ. ಆದರೆ ಅದು ಅನ್ವಯಿಸುವುದು ಬಿಟ್ಟುಕೊಟ್ಟದ್ದಕ್ಕೆ. ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸಿದ್ದಕ್ಕಾಗಲಿ, ಸಂಸ್ಥೆ ತನ್ನೊಳಗೇ ಬೇರೆ ಉದ್ದೇಶಕ್ಕೆ ಬಳಸಿಕೊಂಡದ್ದಕ್ಕಾಗಲಿ ಅದರ ಪದಗಳು ಸುಲಭವಾಗಿ ಚಾಚುವುದಿಲ್ಲ.