ತಳಕಾಡುಗೊಂಡನ ಗದ್ಯಾಣ: ಹಳೇ ನಾಣ್ಯಕ್ಕೆ ಬೆಲೆ ಕಟ್ಟೋದು ಹೇಗೆ?



"ಮನೇಲಿ ಹಳೇ ನಾಣ್ಯ ಇದೆಯಾ? ಫೋಟೋ ಕಳಿಸಿ, ಲಕ್ಷಾಧಿಪತಿ ಆಗಿ." ಇಂಥ ಮೆಸೇಜು, ರೀಲ್ಸು ನಿಮ್ಮ ಫೋನಿಗೂ ಬಂದಿರುತ್ತೆ. ಫೋಟೋ ಕಳಿಸಿದ್ರೆ ಮುಂದಿನ ಮೆಸೇಜಲ್ಲಿ ಕಮಿಷನ್ನು, ಟ್ಯಾಕ್ಸು ಅಂತ ದುಡ್ಡು ಕೇಳ್ತಾರೆ. ಇದು ಎಷ್ಟು ಹೆಚ್ಚಾಯ್ತು ಅಂದ್ರೆ, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು, ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ನಮ್ಮ ಪಾತ್ರ ಇಲ್ಲ, ನಾವು ಯಾವ ಶುಲ್ಕಾನೂ ಕೇಳಲ್ಲ ಅಂತ ಹೇಳಬೇಕಾಯ್ತು.

ಹಾಗಾದ್ರೆ ನಿಜವಾದ ಬೆಲೆ ಗೊತ್ತಾಗೋದು ಹೇಗೆ? ಅದಕ್ಕೆ ನಮ್ಮ ಹಾಸನ ಜಿಲ್ಲೆಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಅರಸೀಕೆರೆಯ ಈಶ್ವರ ದೇವಸ್ಥಾನ, ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಎಲ್ಲರಿಗೂ ಗೊತ್ತು. ಆದ್ರೆ ಅದೇ ಹೊಯ್ಸಳರು ಅಂಗೈಯಲ್ಲಿ ಹಿಡಿಯೋ ಶಾಸನಾನೂ ಬಿಟ್ಟು ಹೋಗಿದ್ದಾರೆ. ಅದು ಅವರ ಚಿನ್ನದ ಗದ್ಯಾಣ.

ತೂಕ ಹೆಚ್ಚುಕಡಿಮೆ ನಾಲ್ಕು ಗ್ರಾಂ. ಒಂದು ಮುಖದಲ್ಲಿ ಸಿಂಹ. ಇನ್ನೊಂದು ಮುಖದಲ್ಲಿ ದೇವರೂ ಇಲ್ಲ, ರಾಜನ ಮುಖಾನೂ ಇಲ್ಲ. ಇರೋದು ಬರೀ ಕನ್ನಡ ಅಕ್ಷರ: "ಶ್ರೀ ತಳಕಾಡುಗೊಂಡ". ಗೊಂಡ ಅಂದ್ರೆ ಗೆದ್ದುಕೊಂಡವನು.

1116ರ ಸುಮಾರಿಗೆ ವಿಷ್ಣುವರ್ಧನನ ಸೇನೆ ಚೋಳರಿಂದ ತಲಕಾಡನ್ನು ಕಸಿದುಕೊಳ್ತು. ದಂಡನಾಯಕ ಗಂಗರಾಜ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಆಯ್ತು. ಅದೇ ಇವತ್ತಿನ ಚೆನ್ನಕೇಶವ. ಸ್ವಾರಸ್ಯ ಏನಂದ್ರೆ, ಆಗ ವಿಷ್ಣುವರ್ಧನ ಪೂರ್ತಿ ಸ್ವತಂತ್ರ ಅಲ್ಲ, ಲೆಕ್ಕಕ್ಕೆ ಕಲ್ಯಾಣದ ಚಾಲುಕ್ಯರ ಸಾಮಂತ. ಸಾಮಂತನೊಬ್ಬ ತನ್ನ ಬಿರುದನ್ನೇ ಚಿನ್ನದ ಮೇಲೆ ಅಚ್ಚು ಹಾಕಿಸ್ತಾನೆ ಅಂದ್ರೆ ಅದು ಬರೀ ದುಡ್ಡಲ್ಲ, ಘೋಷಣೆ. ನೊಳಂಬವಾಡಿ ಗೆದ್ದ ಮೇಲೆ "ಶ್ರೀ ನೊಣಂಬವಾಡಿಗೊಂಡ" ಅನ್ನೋ ನಾಣ್ಯಾನೂ ಬಂತು. "ಮಲಪರೊಳ್ ಗಂಡ", ಅಂದ್ರೆ ಮಲೆಯ ನಾಯಕರಲ್ಲೇ ಗಂಡು, ಅನ್ನೋ ಬಿರುದಿನದ್ದೂ ಇದೆ.

ಸರಿ, ಈಗ ಗ್ರೇಡ್ ವಿಷಯ. ಅರಸೀಕೆರೆ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದೇ ತೋಟದ ಉಂಡೆ ಕೊಬ್ಬರಿ ಆದ್ರೂ ಗಾತ್ರ, ಬಣ್ಣ, ಒಡಕು ನೋಡಿ ರೇಟ್ ಬೇರೆ ಆಗುತ್ತಲ್ಲ, ನಾಣ್ಯಾನೂ ಹಾಗೇ.

ಮೊದಲನೇದು ಸವಕಳಿ. ಕೈಯಿಂದ ಕೈಗೆ ಹೋದಾಗ ಮೊದಲು ಸವೆಯೋದು ಉಬ್ಬಿದ ಭಾಗ. ಅಂದ್ರೆ ಸಿಂಹದ ಭುಜ, ಮುಖ, ಅಕ್ಷರದ ನೆತ್ತಿ. ಅದು ಎಷ್ಟು ಉಳಿದಿದೆ ಅನ್ನೋದರ ಮೇಲೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಅಂತಾರೆ. 1ರಿಂದ 70ರವರೆಗಿನ ಅಂಕ ಕೊಡೋ ಪದ್ಧತೀನೂ ಇದೆ. ಅದನ್ನ 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನೋರು ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಅಂತ ಮಾಡಿದ್ದು.

ಎರಡನೇದು ಅಚ್ಚು. ಗದ್ಯಾಣ ಮೆಷಿನ್ನಿನಲ್ಲಿ ಆಗಿದ್ದಲ್ಲ. ಎರಡು ಅಚ್ಚಿನ ಮಧ್ಯೆ ಚಿನ್ನದ ಬಿಲ್ಲೆ ಇಟ್ಟು ಸುತ್ತಿಗೇಲಿ ಹೊಡೆದದ್ದು. ಪೆಟ್ಟು ಓರೆ ಆದ್ರೆ ಸಿಂಹದ ಬಾಲಾನೋ ಅರ್ಧ ಅಕ್ಷರಾನೋ ಅಂಚಿನಾಚೆ ಹೋಗುತ್ತೆ. ಅದು ಸವಕಳಿ ಅಲ್ಲ, ಹುಟ್ಟಿನಿಂದಲೇ ಬಂದದ್ದು. ಬಿರುದು ಪೂರ್ತಿ ಓದೋಕೆ ಆಗುತ್ತಾ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ.

ಮೂರನೇದು ಗಾಯ. ನಮ್ಮಲ್ಲಿ ಕಾಸಿನ ಸರ ಗೊತ್ತಲ್ಲ? ಚಿನ್ನದ ನಾಣ್ಯಕ್ಕೆ ತೂತು ಕೊರೆದು ಅಥವಾ ಕೊಕ್ಕೆ ಬೆಸೆದು ಸರ ಮಾಡಿಸಿದ್ರೆ, ಆಮೇಲೆ ಕೊಕ್ಕೆ ತೆಗೆಸಿದ್ರೂ ಬೆಸುಗೆ ಗುರುತು ಹೋಗಲ್ಲ. ಬೆಲೆ ಇಳಿಯುತ್ತೆ. ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಿದ್ರೂ ಅಷ್ಟೇ. ಫಳಫಳ ಹೊಳೆಯುತ್ತೆ ನಿಜ, ಆದ್ರೆ ಲೆನ್ಸ್ ಹಿಡಿದ್ರೆ ಕೂದಲೆಳೆಯಂಥ ಗೀರು ಕಾಣುತ್ತೆ. ದಯವಿಟ್ಟು ಉಜ್ಜಬೇಡಿ.

ನಾಲ್ಕನೇದು ನಕಲಿ. ಎರಕ ಹೊಯ್ದ ನಾಣ್ಯದಲ್ಲಿ ಗುಳ್ಳೆಯಂಥ ಸಣ್ಣ ಗುಳಿ, ಅಂಚಿನಲ್ಲಿ ಜೋಡಣೆ ಗೆರೆ, ಸೋಪಿನ ಹಾಗೆ ನುಣುಪಾದ ಅಕ್ಷರ ಇರೋ ಸಾಧ್ಯತೆ ಹೆಚ್ಚು. ಎರಡು ನಾಣ್ಯದಲ್ಲಿ ಅದೇ ಜಾಗದಲ್ಲಿ ಅದೇ ಪೆಟ್ಟು ಇದ್ರೆ ಅನುಮಾನ ಪಡಿ.

ಮತ್ತೆ, ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ತಗೊಳ್ಳಿ. ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದ್ರು. ಹಾಗಾಗಿ ಬೇಕಾದಷ್ಟು ಸಿಗುತ್ತೆ. ಸಾಮಾನ್ಯ ಸ್ಥಿತೀಲಿ ಇದ್ರೆ ಬೆಳ್ಳಿ ರೇಟಿಗಿಂತ ತುಂಬಾ ಮೇಲೆ ಹೋಗಲ್ಲ.

ಬಿಕಾಂ ಓದಿದವನಾಗಿ ನನಗೆ ಇದು ಮೂರು ಬೆಲೆಯ ಲೆಕ್ಕ. ಒಂದು ಲೋಹದ ಬೆಲೆ, ತಕ್ಕಡಿ ಹೇಳುತ್ತೆ. ಎರಡು ಸಂಗ್ರಾಹಕರ ಬೆಲೆ, ಗ್ರೇಡು ಮತ್ತು ಬೇಡಿಕೆ ಹೇಳುತ್ತೆ. ಮೂರನೇದು ಚರಿತ್ರೆಯ ಬೆಲೆ. ಇದು ನಾಣ್ಯ ಎಲ್ಲಿ, ಯಾವುದರ ಜೊತೆ, ಎಷ್ಟು ಆಳದಲ್ಲಿ ಸಿಕ್ತು ಅನ್ನೋದರಲ್ಲಿದೆ. ಬೇಲೂರಿನ ಹಂಚಿಕೊಂಡ ಊರುಗಳ ದಾನಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸ ಅಂತ ಲೆಕ್ಕ ಬರುತ್ತೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ ತೆಗೆದು ನೋಡಿ. ಕಲ್ಲಿನ ಮೇಲಿನ ಆ ಲೆಕ್ಕಕ್ಕೆ ಮಣ್ಣಿನಲ್ಲಿ ಸಿಕ್ಕ ನಾಣ್ಯ ಸಾಕ್ಷಿ. ಸಿಕ್ಕ ಜಾಗ ಮರೆತರೆ ಸಾಕ್ಷಿ ಬಾಯಿ ಮುಚ್ಚುತ್ತೆ. ಕರಗಿಸಿದ್ರಂತೂ ಸಾಕ್ಷೀನೇ ಇಲ್ಲ.

1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದ್ರೆ ಇವತ್ತಿನ ಹಳೇಬೀಡಿಗೆ, ಬಂದು ಸಂಪತ್ತು ಹೊತ್ತೊಯ್ತು. ಉಳಿದದ್ದನ್ನ ನಾವು ಕರಗಿಸೋದು ಬೇಡ. ಹೊಲದಲ್ಲೋ ಪಾಯ ತೆಗೆಯುವಾಗಲೋ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಡೋದು ಅಪರಾಧ. ನೂರು ವರ್ಷ ದಾಟಿದ ನಾಣ್ಯವನ್ನ ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, 1972ರ ಪುರಾವಸ್ತು ಕಾಯ್ದೆ ಇದೆ.

ಮನೇಲಿ ಅಜ್ಜಿಯ ಪೆಟ್ಟಿಗೇಲಿ ಹಳೇ ನಾಣ್ಯ ಇದ್ರೆ ಇವತ್ತು ಮೂರೇ ಕೆಲಸ ಮಾಡಿ. ಅಂಚು ಹಿಡಿದು ಎರಡೂ ಮುಖದ ಫೋಟೋ ತೆಗೀರಿ. ತೂಕ ಬರೆದಿಡಿ. ಅದು ಮನೆಗೆ ಹೇಗೆ ಬಂತು ಅಂತ ಅಜ್ಜೀನ ಕೇಳಿ, ಅವರು ಹೇಳಿದ್ದನ್ನ ರೆಕಾರ್ಡ್ ಮಾಡಿ. ಕಡೇ ಕೆಲಸಾನ ಯಾವ ಗ್ರೇಡಿಂಗ್ ಕಂಪನಿಯೂ ನಿಮಗೋಸ್ಕರ ಮಾಡಿಕೊಡಲ್ಲ.