ವಿದೇಶದ ‘ಒರಿಜಿನಲ್’ ಪಾರ್ಟ್ ಹಾಕಿದರೆ ಹಳೆಯ ಜಾವಾ, ಯೆಜ್ಡಿ ಸರಿಹೋಗುತ್ತದೆಯೇ?

“ಹಳೆ ಜಾವಾ, ಯೆಜ್ಡಿ ಲೈಟ್ ಮಂದವಾಗಿದೆಯೇ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ. ಚೆಕ್ ದೇಶದಿಂದ ಒರಿಜಿನಲ್ ಕಾಯಿಲ್, ರೆಗ್ಯುಲೇಟರ್ ತರಿಸಿ. ಎಲ್ಲ ಮಾಡೆಲ್‌ಗೂ ಹೊಂದುತ್ತದೆ. ಗಿಫ್ಟ್ ಎಂದು ಬರೆಸಿದರೆ ಕಸ್ಟಮ್ಸ್ ಇಲ್ಲ. ಎಲ್ಲರಿಗೂ ಶೇರ್ ಮಾಡಿ.”

ಈ ಧಾಟಿಯ ಫಾರ್ವರ್ಡ್ ಒಂದನ್ನು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಓದುಗರೊಬ್ಬರು ನಮಗೆ ಕಳುಹಿಸಿ, “ಅಪ್ಪನ ಗಾಡಿಗೆ ತರಿಸಬಹುದೇ?” ಎಂದು ಕೇಳಿದ್ದಾರೆ. ಚುಟುಕಾಗಿ ಹೇಳುವುದಾದರೆ, ತರಿಸಬಹುದು. ಆದರೆ ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಎಂಬುದು ತಪ್ಪು. ‘ಗಿಫ್ಟ್ ಎಂದರೆ ಸುಂಕವಿಲ್ಲ’ ಎಂಬುದೂ ತಪ್ಪು. ಯಾಕೆ ಎಂದು ನೋಡೋಣ.

ಚೆಕ್ ದೇಶಕ್ಕೂ ಮೈಸೂರಿಗೂ ಏನು ನಂಟು?

ಜಾವಾ ಮೂಲತಃ ಚೆಕ್ ಕಂಪನಿ, 1929ರಲ್ಲಿ ಆರಂಭವಾಯಿತು. ಅದರ ಪರವಾನಗಿ ಪಡೆದ ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಬೈಕ್ ತಯಾರಿಸಿತು. 1973ರಿಂದ ಅವು ಯೆಜ್ಡಿ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಷ್ಟು ವರ್ಷಗಳಲ್ಲಿ ಮೈಸೂರಿನ ಗಾಡಿ ಒಂದು ದಾರಿಯಲ್ಲಿ ಬದಲಾಯಿತು, ಚೆಕ್ ಗಾಡಿ ಇನ್ನೊಂದು ದಾರಿಯಲ್ಲಿ. ಮನೆತನ ಒಂದೇ ಆದರೂ ಒಳಗಿನ ವೈರಿಂಗ್ ಒಂದೇ ಅಲ್ಲ.

ಉದಾಹರಣೆಗೆ, ನಮ್ಮಲ್ಲಿ ಹೆಚ್ಚು ಕಾಣುವ ಜಾವಾ 250 ಮತ್ತು ಯೆಜ್ಡಿ 250ಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ. ಚೆಕ್‌ನ ಜಾವಾ 350ಕ್ಕೆ ಎರಡು ಸಿಲಿಂಡರ್. ಅದರಲ್ಲೂ 634 ಎಂಬ ಮಾದರಿ 6 ವೋಲ್ಟ್, 1984ರಲ್ಲಿ ಬಂದ 638 ಮಾದರಿ 12 ವೋಲ್ಟ್. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು, ಒಳಗಿನ ವಿದ್ಯುತ್ ಬೇರೆ. ಇನ್ನು 2018ರಲ್ಲಿ ಮರಳಿ ಬಂದ ಹೊಸ ಜಾವಾ ನಾಲ್ಕು ಸ್ಟ್ರೋಕ್ ಗಾಡಿ. ಅದರ ಎಲೆಕ್ಟ್ರಿಕಲ್ ಪಾರ್ಟ್ ಹಳೆಯದಕ್ಕೆ ಆಗುವುದಿಲ್ಲ.

ತಪ್ಪು ಪಾರ್ಟ್ ಹಾಕಿದರೆ ಏನಾಗುತ್ತದೆ?

ವೋಲ್ಟೇಜ್ ಎರಡು ಪಟ್ಟಾದರೆ ಲೆಕ್ಕದ ಪ್ರಕಾರ ಶಕ್ತಿ ನಾಲ್ಕು ಪಟ್ಟಾಗುತ್ತದೆ. 6 ವೋಲ್ಟ್, 35 ವ್ಯಾಟ್ ಬಲ್ಬಿಗೆ 12 ವೋಲ್ಟ್ ಕೊಟ್ಟರೆ ಅದು 140 ವ್ಯಾಟ್ ಎಳೆಯಲು ಹೋಗುತ್ತದೆ. ತಂತಿ ಬಿಸಿಯಾದಂತೆ ನಿರೋಧವೂ ಏರುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ, ಆದರೂ ಬಲ್ಬು ಕ್ಷಣದಲ್ಲಿ ಸುಟ್ಟುಹೋಗುತ್ತದೆ. 12 ವೋಲ್ಟಿನ ಬಲ್ಬನ್ನು 6 ವೋಲ್ಟಿಗೆ ಹಾಕಿದರೆ ಮಿಣುಕು ದೀಪವಾಗುತ್ತದೆ.

ಬಲ್ಬು ಹೋದರೆ ಹೋಗಲಿ, ಅಗ್ಗದ ಮಾಲು. ಇಗ್ನಿಷನ್ ಕಾಯಿಲ್ ಹಾಗಲ್ಲ. ಪಾಯಿಂಟ್ ಇರುವ ಗಾಡಿಯ ಕಾಯಿಲ್ ಬೇರೆ, ಸಿಡಿಐ ಗಾಡಿಯ ಕಾಯಿಲ್ ಬೇರೆ. ಸಿಡಿಐ ಕಾಯಿಲ್‌ನ ನಿರೋಧ ಬಹಳ ಕಡಿಮೆ. ಅದನ್ನು ಪಾಯಿಂಟ್ ಗಾಡಿಗೆ ಹಾಕಿದರೆ ಕರೆಂಟ್ ಮಿತಿಮೀರಿ ಹರಿದು ಕಾಯಿಲ್ ಕಾಯುತ್ತದೆ, ಪಾಯಿಂಟ್ ಕರಗುತ್ತದೆ. ರೆಗ್ಯುಲೇಟರ್ ಕಥೆಯೂ ಇದೇ. ಡಿಸಿ ಡೈನಮೋಗೆ ಮಾಡಿದ್ದು ಎಸಿ ಆಲ್ಟರ್ನೇಟರ್‌ಗೆ ಆಗದು. ಹೊಂದದ ರೆಗ್ಯುಲೇಟರ್ ಬ್ಯಾಟರಿಯನ್ನು ಕುದಿಸಬಹುದು, ವೈರಿಂಗ್ ಸುಡಬಹುದು. ವೈರಿಂಗ್‌ನ ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ ಎಂಬುದನ್ನು ಮರೆಯಬೇಡಿ.

ಮೊದಲು ರೋಗ ಪತ್ತೆ, ಆಮೇಲೆ ಔಷಧ

ಆರ್ಡರ್ ಮಾಡುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮಾರು 6.3 ತೋರಿಸಬೇಕು. ಎಂಜಿನ್ ಓಡುವಾಗ ಅದು ಸುಮಾರು 7ಕ್ಕೆ ಏರಬೇಕು. 12 ವೋಲ್ಟ್ ಗಾಡಿಯಲ್ಲಿ ಈ ಅಂಕಿಗಳು ಸುಮಾರು 12.6 ಮತ್ತು 14. ಎಂಜಿನ್ ಓಡಿದರೂ ಅಂಕಿ ಏರದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ ಎಂದರ್ಥ.

ಆಗಲೂ ಡೈನಮೋ ಸತ್ತಿದೆ ಎಂದು ತೀರ್ಮಾನಿಸಬೇಡಿ. ಸವೆದ ಕಾರ್ಬನ್ ಬ್ರಷ್, ತುಕ್ಕು ಹಿಡಿದ ಅರ್ಥ್ ಜಾಗ, ಸಡಿಲವಾದ ವೈರ್ ಇಷ್ಟರಿಂದಲೇ ಲೈಟ್ ಮಂದವಾಗಬಹುದು. ಇದಕ್ಕೆ ಯುರೋಪಿನ ಪಾರ್ಸೆಲ್ ಬೇಡ, ಚಿತ್ರದುರ್ಗ ಅಥವಾ ದಾವಣಗೆರೆಯ ಒಬ್ಬ ಅನುಭವಿ ಆಟೋ ಎಲೆಕ್ಟ್ರೀಷಿಯನ್ ಸಾಕು. ಕೆಲವು ಸಲ ಗಾಡಿಗೆ ಶಕ್ತಿಯೇ ಅಷ್ಟಿರುತ್ತದೆ. ಹಳೆಯ ಜಾವಾ 250ರ ಡೈನಮೋ ಕೊಡುವುದು 45 ವ್ಯಾಟ್ ಮಾತ್ರ. ಅದಕ್ಕೆ 60 ವ್ಯಾಟ್ ಹೆಡ್‌ಲೈಟ್ ಕೂರಿಸಿದರೆ ಯಾವ ದೇಶದ ರೆಗ್ಯುಲೇಟರ್ ಹಾಕಿದರೂ ಬೆಳಕು ಹೆಚ್ಚುವುದಿಲ್ಲ.

ತರಿಸಲೇಬೇಕಾದರೆ ಇವನ್ನು ಬರೆದಿಟ್ಟುಕೊಳ್ಳಿ

1. ಗಾಡಿಯ ಮಾದರಿ, ತಯಾರಾದ ವರ್ಷ, ಎಂಜಿನ್ ನಂಬರ್.
2. 6 ವೋಲ್ಟೋ, 12 ವೋಲ್ಟೋ? ಬ್ಯಾಟರಿ ನೋಡಿ ಮಾತ್ರ ಹೇಳಬೇಡಿ, ಬಲ್ಬಿನ ಮೇಲಿನ ಅಂಕಿಯನ್ನೂ ಓದಿ. ಹಿಂದಿನ ಮಾಲೀಕರು ಬದಲಿಸಿರಬಹುದು.
3. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ? ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯ. ಊಹಿಸಬೇಡಿ, ಕಣ್ಣಾರೆ ನೋಡಿ.
4. ಪಾಯಿಂಟೋ, ಸಿಡಿಐಯೋ? ಡೈನಮೋ ಇದೆಯೋ, ಆಲ್ಟರ್ನೇಟರ್ ಇದೆಯೋ?
5. ಹಳೆಯ ಪಾರ್ಟಿನ ಮೇಲಿರುವ ನಂಬರ್, ಬೋಲ್ಟ್ ರಂಧ್ರಗಳ ಅಂತರ, ಸ್ಕೇಲ್ ಇಟ್ಟು ತೆಗೆದ ಫೋಟೊ.

ಈ ಐದನ್ನೂ ಮಾರಾಟಗಾರರಿಗೆ ಕಳುಹಿಸಿ, “ಇದಕ್ಕೆ ಹೊಂದುತ್ತದೆ” ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಜೋಡಿಸಿದ ಎಲೆಕ್ಟ್ರಿಕಲ್ ಪಾರ್ಟನ್ನು ಹಲವರು ವಾಪಸ್ ತೆಗೆದುಕೊಳ್ಳುವುದಿಲ್ಲ.

6ರಿಂದ 12 ವೋಲ್ಟಿಗೆ ಬದಲಿಸುವ ಕಿಟ್‌ಗಳೂ ಸಿಗುತ್ತವೆ, ಚೆಕ್ ಗಣರಾಜ್ಯದ ವೇಪ್ ಕಂಪನಿಯದು ಹೆಸರಾದದ್ದು. ಅವು ಒಳ್ಳೆಯ ಪರಿಹಾರವೇ. ಆದರೆ ಸ್ಟೇಟರ್, ರೋಟರ್, ರೆಗ್ಯುಲೇಟರ್, ಕಾಯಿಲ್ ಎಲ್ಲವೂ ಒಟ್ಟಿಗೆ ಬದಲಾಗಬೇಕು. ಬಲ್ಬು, ಹಾರ್ನ್, ಬ್ಯಾಟರಿಯನ್ನೂ 12 ವೋಲ್ಟಿಗೆ ಬದಲಿಸಬೇಕು. ಅರ್ಧ ಹಳೆಯದು, ಅರ್ಧ ಹೊಸದು ನಡೆಯದು. ಬ್ಯಾಟರಿಯನ್ನು ಮಾತ್ರ ಇಲ್ಲೇ ಕೊಳ್ಳಿ, ಆಸಿಡ್ ತುಂಬಿದ ಬ್ಯಾಟರಿ ಅಂಚೆಯಲ್ಲಿ ಬರುವುದಿಲ್ಲ.

ಸುಂಕ ತಪ್ಪಿಸಬಹುದೇ?

ಇಲ್ಲ. ಅಂಚೆ ಅಥವಾ ಕೊರಿಯರ್ ಮೂಲಕ ಬರುವ ಗಿಫ್ಟ್‌ಗಳಿಗಿದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಮಾತ್ರ ಅದು ಉಳಿಯಿತು. ಸುಂಕವನ್ನು ಪಾರ್ಟಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅದರ ಮೇಲೆ ಜಿಎಸ್‌ಟಿ. ದರ ಆಗಾಗ ಬದಲಾಗುತ್ತದೆ, ಆರ್ಡರ್ ಮಾಡುವ ದಿನದ ದರ ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. “ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ನಂಬರಿಗೆ ಯುಪಿಐ ಮಾಡಿ” ಎಂದು ಕರೆ ಬಂದರೆ ಅದು ಮೋಸ. ಕಸ್ಟಮ್ಸ್ ಇಲಾಖೆ ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಇಲಾಖೆಯ ಪತ್ರಗಳಲ್ಲಿ ‘ಡಿನ್’ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ಪರಿಶೀಲಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

‘ಒರಿಜಿನಲ್’, ‘ಫಾರಿನ್’ ಎಂಬ ಪದಗಳಿಂದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹೊಂದಬೇಕಾದದ್ದು ವೋಲ್ಟೇಜ್, ಅರ್ಥ್, ಇಗ್ನಿಷನ್ ಬಗೆ ಮತ್ತು ಅಳತೆ. ಈ ನಾಲ್ಕೂ ಕೂಡಿಬಂದರೆ ಪಾರ್ಟ್ ಪ್ರಾಗ್‌ನದಾದರೂ ಸರಿ, ಮೈಸೂರಿನದಾದರೂ ಸರಿ. ಆ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳುಹಿಸಿದವರಿಗೇ ಇದನ್ನು ಮರಳಿ ಕಳುಹಿಸಿ. ಅವರ ಮನೆಯಲ್ಲೂ ಅಪ್ಪನ ಗಾಡಿಯೊಂದು ನಿಂತಿರಬಹುದು.